ಕೇಕಿನ ಮೇಲೆ ಎಷ್ಟು ಬರೆಯುವುದು?

ಸ್ನೇಹಿತರೇ, ಇವತ್ತು ಪಾಣೆಮಂಗಳೂರಿನ ಬೇಕರಿಯಲ್ಲಿ ನನ್ನ ಮಗಳು ಕೆ-ಪಾಪ್ ಹಾಡುಗಾರನೊಬ್ಬನ ಹುಟ್ಟುಹಬ್ಬಕ್ಕೆ ಕೇಕ್ ಕೊಂಡಳು. ಅವನಿರುವುದು ಕೊರಿಯಾದಲ್ಲಿ, ಕೇಕ್ ತಿನ್ನುವವಳು ಇವಳು.

"ವಯಸ್ಸು ಎಷ್ಟು ಅಂತ ಬರೀಬೇಕು?" ಬೇಕರಿಯ ಹಮೀದಣ್ಣ ಕೇಳಿದರು.

"ಹುಟ್ಟಿದ ಕೂಡಲೇ ಒಂದು ವರ್ಷ ಅಂತ ಹಿಡಿಯುವ ಕೊರಿಯಾದ ಹಳೇ ಲೆಕ್ಕದಲ್ಲಿ ಇಪ್ಪತ್ತು, ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತು."

"ನನಗೂ ಎರಡು ವಯಸ್ಸುಂಟು ಮಗಳೇ. ಹೆತ್ತ ಉಮ್ಮ ಹೇಳುವುದೊಂದು, ಶಾಲೆಯಲ್ಲಿ ಮಾಸ್ಟ್ರು ಬರೆದದ್ದೊಂದು. ಹುಡುಗನಿಗೆ ಕೆಲಸ ಉಂಟಾ?"

"ಹನ್ನೊಂದನೇ ವಯಸ್ಸಿಗೇ ತರಬೇತಿಗೆ ಸೇರಿದ್ದು. ಈಗ ತಂಡಕ್ಕೇ ಲೀಡರ್!"

ಕ್ರೀಮಿನ ಕೋನ್ ಹಿಡಿದ ಕೈ ನಿಂತಿತು. "ಅದು ಯಾವ ಲೆಕ್ಕದ ಹನ್ನೊಂದು?"

ಕೊನೆಗೆ ಎರಡೂ ಸಂಖ್ಯೆ ಬರೆಸಿಕೊಂಡು ಬಂದಳು.

ನನ್ನ ಹುಟ್ಟುಹಬ್ಬ ಹೋದ ಸೋಮವಾರ ಆಗಿ ಹೋಯಿತು. ಯಾವ ದೇಶದ ಲೆಕ್ಕದಲ್ಲೂ ಅವಳಿಗೆ ನೆನಪಾಗಲಿಲ್ಲ.