ಸದ್ದು ತೆಗೆದು ನೋಡಿದ ಆರು ವಿಡಿಯೋ

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ ಊರಿನ ಚಿಕ್ಕ ಕ್ಲಿನಿಕ್ಕೊಂದಕ್ಕೆ ಹೊಸ ಆ್ಯಪ್ ಬರುವುದಿತ್ತು. ಡಾಕ್ಟರನ್ನು ಕಾಣಲು ಜನ ಅದರಲ್ಲಿ ತಾವೇ ಬುಕ್ ಮಾಡಬಲ್ಲರೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಬಲ್ಲರು ಎಂದು ಬರೆದುಕೊಟ್ಟರೆ ಫೋನಿನಲ್ಲಿ ಬುಕ್ ಮಾಡುವುದು ಮುಂದಿನ ತಿಂಗಳಿಂದ ಬಂದ್.

ಓದುವಾಗ ಕಲಿತ ವಿಧಾನ ಸರಳವಾಗಿತ್ತು. ಎದುರಿಗೆ ಕೂತವರಿಗೆ ಆ್ಯಪ್ ಕೊಟ್ಟು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಎನ್ನಬೇಕು. ಆಮೇಲೆ ನಾವು ತುಟಿಪಿಟಿಕ್ಕೆನ್ನಬಾರದು, ಸಹಾಯವನ್ನಂತೂ ಮಾಡಲೇಬಾರದು. ಮಾತಿನಮಲ್ಲಿಯಾದ ನನಗೆ ಅದು ಶಿಕ್ಷೆಯೇ. ಆರು ಜನ ಹಿರಿಯರು ಬಂದರು. ಆರೂ ಜನ 'ಗ್ರ್ಯಾಂಡ್, ಎಲ್ಲ ಗ್ರ್ಯಾಂಡ್' ಎಂದು ನಕ್ಕರು. ಚೆನ್ನಾಗಿದೆ ಎನ್ನಲು ಇಲ್ಲಿಯವರು ಆಡುವ ಮಾತದು. ನಾನೂ ನಕ್ಕು, ಆರು ಟಿಕ್ ಹಾಕಿದೆ.

ಹೊರಡುವಾಗ, ಕೊನೆಗೆ ಬಂದಿದ್ದ ಅಜ್ಜಿ ರಿಸೆಪ್ಷನ್ ಮುಂದೆ ನಿಂತು ಅಲ್ಲಿದ್ದಾಕೆಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಅದ್ರಲ್ಲಿ ನನಗೆ ಬುಕ್ ಮಾಡೋಕೇ ಆಗ್ಲಿಲ್ಲಮ್ಮ. ಆ ಹುಡ್ಗಿ ಪಾಪ ಅಷ್ಟು ಆಸೆಯಿಂದ ನೋಡ್ತಿದ್ಲು, ಬೇಜಾರಾಗ್ಬಾರ್ದು ಅಂತ ಸುಮ್ನಾದೆ. ಮನೇಲಿ ಯಜಮಾನ್ರಿಗೆ ಉಸಿರಾಟದ ತೊಂದ್ರೆ. ಫೋನಲ್ಲಿ ಬುಕ್ ಮಾಡೋದನ್ನ ತೆಗೆಯಲ್ಲ ತಾನೇ?"

ನನಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ಅದೂ ಅಜ್ಜಿಯ ಮೇಲೆ! ಊಟಕ್ಕೆ ಕೂತಾಗ ಇದನ್ನೆಲ್ಲ ಬೆಂಗಳೂರಿನ ರೂಮ್‌ಮೇಟ್ ಹತ್ತಿರ ಒದರಿದೆ. ಅವಳು ಕೈಯಡ್ಡ ಹಿಡಿದು "ಸಾಕು ಕಣೇ" ಅನ್ನುತ್ತಿದ್ದಂತೆ ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

"ನೋಡು, ನಾನು ಸಾಕು ಅಂದ್ರೆ ನೀನು ಯಾವತ್ತಾದ್ರೂ ನಂಬಿದ್ದೀಯಾ? ತಟ್ಟೆ ನೋಡಿ ಬಡಿಸ್ತೀಯ. ಅವ್ರು ಗ್ರ್ಯಾಂಡ್ ಅಂದಿದ್ದನ್ನ ಮಾತ್ರ ಹೆಂಗೆ ನಂಬ್ದೆ?" ಎಂದಳು.

ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದೆ. ಪರೀಕ್ಷೆಯ ವಿಡಿಯೋಗಳಿದ್ದವು. ಸದ್ದು ಪೂರ್ತಿ ತೆಗೆದು, ಬರೀ ಬೆರಳುಗಳನ್ನು ನೋಡುತ್ತ ಹೋದೆ. ಎಷ್ಟು ಸ್ವಾರಸ್ಯ! ಒಬ್ಬರ ಹೆಬ್ಬೆರಳು ತಾರೀಕಿನ ಮೇಲೆ ಬಂದು ಹಿಂಜರಿಯುತ್ತಿತ್ತು. ಇನ್ನೊಬ್ಬರು ಒಂದೇ ಬಟನ್ ಒತ್ತುತ್ತಲೇ ಇದ್ದರು. ಆರರಲ್ಲಿ ನಾಲ್ವರು ಬುಕ್ ಮಾಡಿಯೇ ಇರಲಿಲ್ಲ. ನಾನು ಅವರ ನಗುಮುಖವನ್ನಷ್ಟೇ ನೋಡಿದ್ದೆ.

ಫೋನಿನ ಬುಕಿಂಗ್ ತೆಗೆಯಬಾರದು ಎಂದು ವರದಿ ಕೊಟ್ಟೆ. ಕ್ಲಿನಿಕ್‌ನವರು ಗೊಣಗುತ್ತಲೇ ಒಪ್ಪಿಕೊಂಡರು. ಮರುವಾರ ಅಜ್ಜಿ ಸಿಕ್ಕಾಗ ಸುದ್ದಿ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತು, ಚೀಲದಿಂದ ತಮ್ಮ ಮೊಬೈಲ್ ತೆಗೆದರು.

"ಹಂಗಾದ್ರೆ ಇನ್ನು ಹೆದರಿಕೆ ಇಲ್ಲ. ಈಗ ಆ ಆ್ಯಪ್ ಕಲಿಸು ನೋಡೋಣ" ಎಂದರು.