ಬೆನ್ನಿಲ್ಲದ ಖಾನೆ ಕಪಾಟು

ವಾಡಿ ಸ್ಟೇಷನ್ನಿನಲ್ಲಿ ಟಪಾಲು ಚೀಲ ಹೊರುತ್ತ ಹಾಜಿಮಲಂಗ ಹನ್ನೆರಡು ವರ್ಷ ಕಳೆದಿದ್ದ. ಅರವತ್ತೊಂದನೇ ಇಸವಿಯಲ್ಲಿ ಚೀಲ ಹೊರುವವರೂ ಕಾಗದ ವಿಂಗಡಿಸುವ ಸಾರ್ಟರ್ ಪರೀಕ್ಷೆಗೆ ಕೂಡಬಹುದೆಂದು ಹುಕುಂ ಬಂತು. ಊರ ಹೆಸರಿರುವ ಚೀಟಿಗಳ ಕಟ್ಟು ಹಿಡಿದು, ನಲವತ್ತೆಂಟು ಖಾನೆಗಳ ಕಪಾಟಿನ ಮುಂದೆ ನಿಂತು, ಸೇಡಂ ಚೀಟಿ ಸೇಡಂ ಖಾನೆಗೆ, ಕಾಳಗಿಯದು ಕಾಳಗಿಗೆ, ಹೀಗೆ ಎಸೆಯುತ್ತ ಹೋಗಬೇಕು. ಖಾನೆಗಳ ಮೇಲೆ ಹೆಸರಿರುವುದಿಲ್ಲ. ವಯಸ್ಸಿನ ಲೆಕ್ಕದಲ್ಲಿ ಅವನಿಗೆ ಇದೊಂದೇ ಅವಕಾಶ. ತಪ್ಪಿದರೆ ಕೊನೆಯವರೆಗೂ ಚೀಲವೇ ಗತಿ.

ಆಫೀಸಿನ ಕಪಾಟಿನ ಹತ್ತಿರ ಹಮಾಲರು ಸುಳಿಯುವಂತಿರಲಿಲ್ಲ. ಸರಿ, ಮನೆಯಲ್ಲೇ ಒಂದು ಮಾಡಿದರಾಯಿತು ಎಂದು ಹಟ ಹಿಡಿದ. ಸಾರ್ಟರ್ ಬಸವಂತರಾಯ ಒಂದರಿಂದ ನಲವತ್ತೆಂಟರ ತನಕ ಊರುಗಳ ಹೆಸರು ಬರೆಸಿದ. ಬಜಾರಿನಿಂದ ಚಹಾಪುಡಿಯ ಹಳೆಯ ಮರದ ಪೆಟ್ಟಿಗೆಗಳು ಬಂದವು, ಬಡಿಗ ಮಜೀದಸಾಬನ ಗರಗಸ ಬಂತು. ಹಾಜಿಮಲಂಗ ನೆಲದ ಫರಸಿಕಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಅಳತೆ ಮಾಡಿದ. ಏಳು ಹಲಗೆ ನಿಲ್ಲಬೇಕು, ಐದು ಮಲಗಬೇಕು. ಒಂದೊಂದಕ್ಕೂ ಅರ್ಧ ಅಗಲದ ತನಕ ಸೀಳು ಕೊಯ್ದು ಒಂದರಲ್ಲೊಂದು ಸಿಕ್ಕಿಸಬೇಕು. ಮೊದಲ ಎರಡು ಹಲಗೆ ಹಾಳಾದವು, ಹೆಬ್ಬೆರಳೂ ಒಂದಿಷ್ಟು ಹಾಳಾಯಿತು. ಕಡೆಗೆ ಒಂದು ಮೊಳೆಯೂ ಇಲ್ಲದೆ ಹನ್ನೆರಡು ಹಲಗೆ ಗಟ್ಟಿಯಾಗಿ ನಿಂತಾಗ, ಇದನ್ನು ಮಾಡಿದ್ದು ತಾನೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಸುತ್ತ ಚೌಕಟ್ಟು ಹೊಡೆಯುವಷ್ಟರಲ್ಲಿ ಮರ ಮುಗಿಯಿತು. ಹಿಂಬದಿ ಬಯಲಾಗಿಯೇ ಉಳಿಯಿತು.

ಎರಡು ತಿಂಗಳು ಅಭ್ಯಾಸ ನಡೆಯಿತು. ಅವನು ಮುಂದಿನಿಂದ ಊರ ಹೆಸರು ಕೂಗುತ್ತ ಎಸೆದ ಚೀಟಿ ಖಾನೆ ದಾಟಿ ಹಿಂದೆ ಕೂತ ಹೆಂಡತಿ ತಾಜುನ್ನಿಸಾಳ ಮಡಿಲಿಗೆ ಬೀಳುತ್ತಿತ್ತು. ತಪ್ಪಿದರೆ ತನ್ನನ್ನೇ ಬೈದುಕೊಂಡು ಅದನ್ನು ವಾಪಸು ಕೇಳುತ್ತಿದ್ದ. ಅವಳು ಚೀಟಿಗಳನ್ನು ಒಟ್ಟು ಮಾಡಿ, ಕಲಸಿ ಮತ್ತೆ ಕೊಡುತ್ತಿದ್ದಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ.

ಪರೀಕ್ಷೆಗೆ ಎಂಟು ದಿನ ಇರುವಾಗ ಬಸವಂತರಾಯ ಮನೆಗೆ ಬಂದ. ಹಾಜಿಮಲಂಗ ಹುರುಪಿನಿಂದ ಎಸೆದು ತೋರಿಸಿದ. ಬಸವಂತರಾಯನ ಮುಖ ಇಳಿಯಿತು.

“ಎಲ್ಲಾ ಉಲ್ಟಾ ಆಗ್ಯಾದಲ್ಲೋ ಹಾಜಿ. ಆಫೀಸಿನ್ಯಾಗ ಮೊದಲನೇ ಖಾನೆ ಎಡಕ್ಕ ಇರ್ತದ.”

ಹಾಜಿಮಲಂಗ ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಬಲದಿಂದ ಎಡಕ್ಕೆ ಬರೆಯಲು ಕಲಿತವನು. ಸಾಲು ಎಂದರೆ ಬಲದಿಂದಲೇ ಸುರುವಾಗಬೇಕು, ಅದರಲ್ಲಿ ಕೇಳುವುದೇನಿದೆ? ಕೈ ಕಲಿತದ್ದನ್ನು ಎಂಟು ದಿನದಲ್ಲಿ ಮರೆಸಲಾಗದು, ಆಸೆ ಬಿಡು ಎಂದು ಹೇಳಿ ಬಸವಂತರಾಯ ಎದ್ದು ಹೋದ. ಹಾಜಿಮಲಂಗ ಕಪಾಟಿಗೆ ಬೆನ್ನು ಹಾಕಿ ಕೂತುಬಿಟ್ಟ. ಅವನಿಗೆ ಅಳು ಬಂದಿತ್ತು.

“ಈ ಕಡಿ ಬಂದು ಕುಂದ್ರಿ,” ಎಂದಳು ತಾಜುನ್ನಿಸಾ. “ನಾ ಕುಂತ ಕಡಿಂದ ಅದು ಸೀದಾನೇ ಅದ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಕಟ್ಟು ಕೈಗೆತ್ತಿಕೊಂಡು, ಹಿಂಬದಿಯಿಂದಲೇ ಒಂದೊಂದಾಗಿ ಎಸೆಯತೊಡಗಿದಳು. ಚಿತ್ತಾಪುರ, ಚಿಂಚೋಳಿ, ಶಹಾಬಾದ. ಮೊದಲನೇ ಖಾನೆ ಅವಳ ಎಡಕ್ಕಿತ್ತು, ಆಫೀಸಿನಲ್ಲಿ ಇರುವ ಹಾಗೆಯೇ. ಎರಡು ತಿಂಗಳು ಯಾವ ಬರಹ ಯಾವ ಖಾನೆಯಿಂದ ಬೀಳುತ್ತದೆ ಎಂದು ನೋಡುತ್ತ ನೋಡುತ್ತ, ಅಕ್ಷರಗಳ ಆಕಾರವನ್ನೇ ಗುರುತು ಹಿಡಿದಿದ್ದಳು. ನಲವತ್ತೆಂಟರಲ್ಲಿ ಒಂದೂ ತಪ್ಪಲಿಲ್ಲ. ಹದಿನಾಲ್ಕು ವರ್ಷ ಜೊತೆಗೆ ಬಾಳಿದ ಹೆಂಗಸನ್ನು ಹಾಜಿಮಲಂಗ ಅಂದು ಮೊದಲ ಸಲ ಕಂಡವನಂತೆ ನೋಡಿದ.

ಆ ಎಂಟು ದಿನ ಅವಳು ಉಸ್ತಾದ, ಅವನು ಶಾಗಿರ್ದ. ಹಳೇ ಚಾಳಿಯಿಂದ ಕೈ ಬಲಕ್ಕೆ ಹೋದರೆ ಮುಂಗೈ ಹಿಡಿದು ಎಡಕ್ಕೆ ತರುತ್ತಿದ್ದಳು. ರೊಟ್ಟಿ ಬಡಿಯುತ್ತಲೇ ಊರ ಹೆಸರು ಕೂಗುತ್ತಿದ್ದಳು, ಅವನು ಗಾಳಿಯಲ್ಲೇ ಕೈ ಬೀಸಬೇಕು.

ಪರೀಕ್ಷೆಯಲ್ಲಿ ಅವನಿಗೆ ತಪ್ಪಿದ್ದು ಒಂದೇ ಚೀಟಿ. ಯಾರ ಹತ್ತಿರ ಕಲಿತೆ ಎಂದು ಸಾಹೇಬರು ಕೇಳಿದರು.

“ನಮ್ಮ ಮನಿಯಾಕಿ ಕಲಿಸ್ಯಾಳ್ರಿ. ಆಕೀಗಿ ಓದ್ಲಿಕ್ಕ ಬರಂಗಿಲ್ಲ.”

ಎಲ್ಲರೂ ತಮಾಷೆ ಎಂದುಕೊಂಡು ನಕ್ಕರು. ಅವನು ಬಿಡಿಸಿ ಹೇಳಲು ಹೋಗಲಿಲ್ಲ. ಮುಂದೆ ಇಪ್ಪತ್ತು ವರ್ಷ ಸಾರ್ಟರ್ ಆಗಿ ದುಡಿದ ಹಾಜಿಮಲಂಗ, ತಾನು ವಾಡಿಯ ಎರಡನೇ ನಂಬರಿನ ಸಾರ್ಟರ್ ಎಂದೇ ಹೇಳಿಕೊಳ್ಳುತ್ತಿದ್ದ. ಮೊದಲನೆಯವರು ಯಾರು ಎಂದು ಕೇಳಿದವರನ್ನು ಚಹಾಕ್ಕೆ ಮನೆಗೆ ಕರೆಯುತ್ತಿದ್ದ.