ಆನೆ ಗ್ರೂಪಿನಲ್ಲಿ ಎರಡು ಸಲ ಕೇಳಿದ ಕ್ಷಮೆ

ನನ್ನ ತಮ್ಮನಿಗೆ ಎಡಗಾಲು ಸ್ವಲ್ಪ ಗಿಡ್ಡ. ಹುಟ್ಟಿದಾಗಿನಿಂದಲೂ ಹಾಗೆ. ನಡೆಯುವಾಗ ಆ ಕಡೆಯ ಭುಜ ಒಂದಿಷ್ಟು ಇಳಿದು ಮೇಲೇಳುತ್ತದೆ. ಅಂಥವರನ್ನು ಊರಿನಲ್ಲಿ ಏನೆಂದು ಕರೆಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ನಮ್ಮವ್ವ ಇರುವವರೆಗೆ ಆ ಮಾತನ್ನು ಮನೆಯೊಳಗೆ ಯಾರೂ ಆಡಿರಲಿಲ್ಲ. ಒಮ್ಮೆ ನೆಂಟರೊಬ್ಬರು ಊಟಕ್ಕೆ ಕೂತು ನಗುನಗುತ್ತಾ ಅಂದುಬಿಟ್ಟಾಗ ಅವ್ವ ಅವರ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಆ ಮಾತನ್ನು ಇನ್ನೂರು ಮುನ್ನೂರು ಜನ ಕೇಳುವ ಕಡೆ ಆಡಿದವಳು ನಾನು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ.

ನಾನು ಓದಿದ್ದು ಐದನೇ ಕ್ಲಾಸು. ಹದಿನಾರು ವರ್ಷದಿಂದ ಹಾನುಬಾಳು ಸುತ್ತಿನ ತೋಟಗಳಿಗೆ ಕಾಫಿ ಕುಯ್ಯಲು ಹೆಂಗಸರನ್ನು ಕರೆದುಕೊಂಡು ಹೋಗುವ ಮೇಸ್ತ್ರಿಯಾಗಿದ್ದೆ. ನನ್ನ ತಮ್ಮ ಅರಣ್ಯ ಇಲಾಖೆಯವರ ಕೈಕೆಳಗೆ ಆನೆ ಕಾಯುವ ವಾಚರ್. ಕೆಲಸ ಕಾಯಂ ಅಲ್ಲ. ನಮ್ಮ ಸಕಲೇಶಪುರ, ಆಲೂರು ಕಡೆ ಬೆಳಿಗ್ಗೆ ಎದ್ದವರು ಮೊದಲು ವಿಚಾರಿಸುವುದು ಆನೆ ಎಲ್ಲಿದೆ ಎಂದು. ವಾಚರುಗಳು ನಸುಕಿನಲ್ಲೇ ಲದ್ದಿ, ಹೆಜ್ಜೆ ನೋಡಿಕೊಂಡು ಆನೆಯ ಹಿಂದೆ ನಡೆಯುತ್ತಾರೆ. ಇಂಥ ತೋಟದಲ್ಲಿ ಇಷ್ಟು ಆನೆ ಇದೆ ಎಂದು ಫೋನಿನ ಗ್ರೂಪಿಗೆ ಮಾತಾಡಿ ಹಾಕುತ್ತಾರೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರುಗಳು, ಮೇಸ್ತ್ರಿಗಳು, ಜೀಪಿನವರು, ಡೈರಿಗೆ ಹಾಲು ಹಾಕುವವರು, ಮಕ್ಕಳನ್ನು ಸ್ಕೂಲಿಗೆ ಕಳಿಸುವ ತಾಯಂದಿರು ಎಲ್ಲರೂ ಅದರಲ್ಲಿದ್ದಾರೆ. ಅದನ್ನು ಕೇಳಿಯೇ ನಾವು ಮನೆಯಿಂದ ಹೊರಡುವುದು. ವಾಚರ್ ಅಂದರೆ ಅವನ ಮಾತು. ಅದನ್ನು ಜನ ನಂಬದಿದ್ದರೆ ಅವನು ಎಷ್ಟು ನಡೆದರೂ ಪ್ರಯೋಜನವಿಲ್ಲ.

ಹೋದ ವರ್ಷ ಕುಯ್ಲಿನ ಕೊನೆಯ ವಾರಗಳಲ್ಲಿ ಒಂದು ತೋಟಕ್ಕೆ ಹೋಗುತ್ತಿದ್ದೆವು. ಹಳ್ಳದ ಮೇಲಿನ ಪ್ಲಾಟ್ ಒಂದೇ ಉಳಿದಿತ್ತು. ಆನೆ ಇದೆಯೆಂದು ಎರಡು ದಿನ ಜೀಪು ವಾಪಸ್ ಬಂದಿತ್ತು. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರುತ್ತಿತ್ತು. ಎರಡನೆಯ ದಿನ ಸಂಜೆ ರೈಟರ್, "ನಿಮ್ ಹೆಂಗಸ್ರಿಗೆ ಆನೆ ಅಂದ್ರೆ ಭಯ ಅಲ್ಲ ಕಣಮ್ಮ, ರಜ ಅಂದ್ರೆ ಪ್ರೀತಿ. ನಾಳೆ ಮುಗ್ಸಿಲ್ಲ ಅಂದ್ರೆ ಬೇರೆ ಗ್ಯಾಂಗ್ ನೋಡ್ಕಂತೀನಿ" ಅಂದಿದ್ದ.

ಮರುದಿನ ಹೆಂಗಸರು ಜೀಪು ಹತ್ತುತ್ತಿದ್ದಾಗ ತಮ್ಮನ ಫೋನ್ ಬಂತು. ಅವನಿದ್ದ ಗುಡ್ಡದಲ್ಲಿ ನೆಟ್ ಸಿಗುವುದಿಲ್ಲ. ಒಂದು ಬಂಡೆ ಹತ್ತಿದರೆ ಫೋನ್ ಮಾತ್ರ ಹೋಗುತ್ತದೆ. ಗ್ರೂಪಿಗೆ ಹಾಕಲಾಗದೆ ನನಗೆ ಮಾಡಿದ್ದ.

"ಅಕ್ಕ, ಹಳ್ಳದ್ ಮೇಲಿನ ಪ್ಲಾಟಿಗೆ ಮೂರು ಇಳಿದವೆ. ಮರಿನೂ ಐತೆ. ಆ ಕಡೆ ಹೋಗೋರು ನೀವೇ. ಜನ ಕರ್ಕಂಬರ್ಬೇಡ."

"ಹ್ಞೂ, ಸರಿ" ಅಂದೆ.

ಸರಿಯಾಗಿಯೇ ಕೇಳಿಸಿತ್ತು. ನಾವು ಹೋಗಿ ಚೀಲ ಕಟ್ಟಿಕೊಳ್ಳುವಷ್ಟರಲ್ಲಿ ಆನೆ ಹಳ್ಳ ದಾಟಿರುತ್ತದೆ ಎಂದುಕೊಂಡೆ. ಇವತ್ತೂ ವಾಪಸ್ ಹೋದರೆ ರೈಟರ್ ಏನನ್ನುತ್ತಾನೆ ಎಂದೂ ಯೋಚಿಸಿದೆ. ಜೀಪಿನವನಿಗೆ ನಡಿ ಅಂದೆ.

ಆನೆ ದಾಟಿರಲಿಲ್ಲ. ನಾವು ನಾಲ್ಕನೇ ಸಾಲಿಗೆ ಬಂದಾಗ ಮೇಲಿನ ಬದಿಯಲ್ಲಿ ಕೊಂಬೆ ಮುರಿದ ಸದ್ದಾಯಿತು. ಯಾರೋ "ಬುಡ್ರೇ, ಓಡ್ರೇ" ಅಂದರು. ಎಲ್ಲರೂ ಇಳಿಜಾರಿನಲ್ಲಿ ಬಿದ್ದೆದ್ದು ಓಡಿದೆವು. ಆನೆ ನಮ್ಮನ್ನು ಅಟ್ಟಿಸಿಕೊಂಡು ಬರಲಿಲ್ಲ. ಆದರೆ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ, ನಮ್ಮ ಪಕ್ಕದ ಮನೆಯ ಹೆಂಗಸು ಚರಂಡಿಗೆ ಬಿದ್ದು ಬಲಗೈ ಮುರಿದುಕೊಂಡಳು. ಅವಳನ್ನು ಸಕಲೇಶಪುರದ ಆಸ್ಪತ್ರೆಗೆ ಕಳಿಸಿ ನಾನು ರಸ್ತೆ ಬದಿಯಲ್ಲಿ ಕೂತಿದ್ದಾಗ ಗ್ರೂಪಿನಲ್ಲಿ ರೈಟರ್ ಕೇಳಿದ್ದ: "ಈ ಕಡೆ ವಾಚರ್ ಯಾರು? ಯಾಕೆ ಮಾಹಿತಿ ಹಾಕಿಲ್ಲ?"

ನನಗೆ ಟೈಪು ಮಾಡಲು ಬರುವುದಿಲ್ಲ. ಒತ್ತಿ ಹಿಡಿದು ಮಾತಾಡಿದೆ.

"ಯಾರಂತ ಏನ್ ಕೇಳ್ತೀರಿ, ನನ್ ತಮ್ಮನೇ. ನಮಗೆ ಒಂದ್ ಮಾತೂ ಹೇಳ್ಲಿಲ್ಲ. ಕುಂಟನ್ನ ಆನೆ ಕಾಯಾಕ್ ಬಿಟ್ರೆ ಇನ್ನೇನಾಯ್ತದೆ? ಆನೆ ಗುಡ್ಡ ಹತ್ತಿ ಇಳ್ದು ನೀರು ಕುಡಿಯೋವಾಗ್ಲೂ ಇವನು ಬುಡದಲ್ಲೇ ಕಾಲ್ ಎಳೀತಿರ್ತಾನೆ."

ಕೆಲವರು ನಗುವ ಮುಖದ ಚಿತ್ರ ಹಾಕಿದರು. ಒಬ್ಬರು "ಅಕ್ಕ ಸರಿಯಾಗ್ ಹೇಳಿದ್ರು" ಅಂದರು. ತಮ್ಮ ಮಧ್ಯಾಹ್ನ ನೆಟ್ ಸಿಗುವ ಕಡೆ ಬಂದು ಅದನ್ನು ಕೇಳಿರಬೇಕು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಫೋನು ತೆಗೆದು, ಇಷ್ಟು ಗಂಟೆಗೆ ನನ್ನ ಅಕ್ಕನಿಗೆ ಕರೆ ಮಾಡಿದ್ದೇನೆ ನೋಡಿ ಎಂದು ಯಾರಿಗೆ ಬೇಕಾದರೂ ತೋರಿಸಬಹುದಿತ್ತು. ಅವನು ಏನೂ ಹೇಳಲಿಲ್ಲ.

ಎರಡು ದಿನ ಕಳೆದ ಮೇಲೆ ನನಗೆ ಆ ಕಾಲಿನ ಮಾತು ಚುಚ್ಚತೊಡಗಿತು. ಕ್ಷಮೆ ಕೇಳಬೇಕು ಅನ್ನಿಸಿತು. ಹೇಗೆ ಕೇಳುವುದೆಂದು ಗೊತ್ತಿರಲಿಲ್ಲ. ಟಿವಿಯಲ್ಲಿ ದೊಡ್ಡವರು ಏನಾದರೂ ಅಂದು ಸಿಕ್ಕಿಹಾಕಿಕೊಂಡಾಗ ಹೇಳುವುದನ್ನು ಕೇಳಿದ್ದೆನಲ್ಲ, ಅದೇ ಬಾಯಿಗೆ ಬಂತು. "ಗಾಬರೀಲಿ ಒಂದು ಮಾತು ಬಾಯಿ ತಪ್ಪಿ ಬಂದೈತೆ. ಅದ್ರಿಂದ ಯಾರ ಮನಸ್ಸಿಗಾದ್ರೂ ನೋವಾಗಿದ್ರೆ ಕ್ಷಮೆ ಇರಲಿ" ಅಂದೆ. ಗ್ರೂಪಿನ ತುಂಬ ಮುಗಿದ ಕೈಗಳ ಚಿತ್ರಗಳು ಬಂದವು. ಅಕ್ಕನದು ದೊಡ್ಡ ಮನಸ್ಸು ಎಂದರು. ನನಗೆ ಹಗುರವಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು. ಈಗ ನನಗೆ ಹೆಚ್ಚು ನಾಚಿಕೆಯಾಗುವುದು ಆ ನಿದ್ದೆಯ ಬಗ್ಗೆ.

ಯಾರಿಗಾದರೂ ಎಂದರೆ ಯಾರು? ಆ ಕ್ಷಮೆಯಲ್ಲಿ ನಾನು ನನ್ನ ತಮ್ಮ ಎಂದೇ ಹೇಳಿರಲಿಲ್ಲ. ನೋವಾಗಿದ್ದರೆ ಎಂದರೆ, ಆಗಿಲ್ಲದೆಯೂ ಇರಬಹುದೇನೋ ಎಂದು ಅವನ ಮೇಲೇ ಬಿಟ್ಟಂತೆ. ಇದೆಲ್ಲ ಆಗ ಹೊಳೆಯಲಿಲ್ಲ. ಹೊಳೆಯಲು ಬೇರೆ ಸಂಗತಿಗಳು ನಡೆಯಬೇಕಾಯಿತು.

ಮುಂದಿನ ವಾರ ನನ್ನ ತಮ್ಮ ಒಂದು ತೋಟದ ಹೆಸರು ಹೇಳಿ ಆನೆ ಇದೆ ಎಂದು ಗ್ರೂಪಿಗೆ ಹಾಕಿದ. ಹಾನುಬಾಳಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಜೀಪಿನವರು ಅದನ್ನು ಕೇಳಿಸಿಕೊಂಡರು.

"ಯಾರು, ಅವನಾ? ಅವನು ಹೇಳೋಷ್ಟರಲ್ಲಿ ಆನೆ ಬಿಸಿಲೆ ಕಾಡು ಮುಟ್ಟಿರ್ತದೆ, ಹತ್ರೋ ಮಾರಾಯ" ಎಂದು ಒಬ್ಬ ನಗುತ್ತಾ ಗಾಡಿ ತೆಗೆದ. ಜನ ತುಂಬಿಕೊಂಡು ಅದೇ ತೋಟಕ್ಕೆ ಹೋದ. ನಾನು ಬನ್ನು ಕಟ್ಟಿಸಿಕೊಳ್ಳುತ್ತಾ ಅಲ್ಲೇ ನಿಂತಿದ್ದೆ. ಅವನು ಆಡಿದ್ದು ನನ್ನದೇ ಮಾತು. ಆ ದಿನ ಯಾರಿಗೂ ಏನೂ ಆಗಲಿಲ್ಲ. ಸಂಜೆಯವರೆಗೂ ನನಗೆ ಕೆಲಸದ ಮೇಲೆ ಗಮನವಿರಲಿಲ್ಲ.

ಅದೇ ವಾರ ನನ್ನ ತಮ್ಮ ಕೆಲಸ ಬಿಡುತ್ತಾನಂತೆ ಎಂದು ಗೊತ್ತಾಯಿತು. ತಿಂಗಳು ಮುಗಿದ ಮೇಲೆ ಬರುವುದಿಲ್ಲ ಎಂದು ಮೇಲಿನವರಿಗೆ ತಾನೇ ಹೇಳಿದ್ದನಂತೆ.

ಕೈ ಮುರಿದುಕೊಂಡವಳನ್ನು ನೋಡಲು ಹೋಗಿದ್ದೆ. ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದಳು. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದಳು. ನಾನು ಮೊರ ಎಳೆದುಕೊಂಡು ಸುಲಿಯತೊಡಗಿದೆ. ಅವಳು ಕೇಳಿದಳು.

"ಅವತ್ತು ಜೀಪ್ ಹತ್ತೋವಾಗ ನಿಂಗೊಂದು ಫೋನ್ ಬಂತಲ್ಲ, ಯಾರ್ದೇ ಅದು?"

ನಾನು ಕಾಯಿ ಸುಲಿಯುತ್ತಲೇ ಇದ್ದೆ.

"ನಾನ್ ನಿನ್ ಪಕ್ಕದಲ್ಲೇ ಇದ್ದೆ ಕಣೆ. ಗಂಡಸಿನ ದನಿ ಕೇಳ್ತು, ಮಾತು ತಿಳೀಲಿಲ್ಲ. ಹ್ಞೂ ಸರಿ ಅಂದೆ ನೀನು."

"ಯಾರಿಗಾದ್ರೂ ಹೇಳಿದ್ಯಾ?"

"ನಾನ್ಯಾಕ್ ಹೇಳ್ಲಿ. ಕೈ ನಂದು ಮುರೀತು, ಬಾಯಿ ನಿಂದಲ್ವಾ."

ಮೊರ ಅಲ್ಲೇ ಬಿಟ್ಟು ತಮ್ಮನ ಮನೆಗೆ ಹೋದೆ. ಅವನು ಜಗಲಿಯಲ್ಲಿ ಕೂತು ಬೂಟಿನೊಳಗೆ ಬಟ್ಟೆ ಮಡಿಸಿ ಇಡುತ್ತಿದ್ದ. ಎಡಗಾಲಿನ ಬೂಟಿಗೆ ಅವನು ದಿನಾ ಹಾಗೆ ಎತ್ತರ ಕೊಡಬೇಕು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನೀನು ಫೋನು ಮಾಡಿದ್ದೆ, ನಾನು ಕೇಳಿಸಿಕೊಂಡಿದ್ದೆ, ಸುಳ್ಳು ಹೇಳಿದೆ, ನನ್ನದೇ ತಪ್ಪು. ಹೇಳುತ್ತಾ ಅಳುವೂ ಬಂತು.

ಅವನು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗ್ಯಾಕ್ ಹೇಳ್ತೀಯಕ್ಕ? ನಂಗ್ ಗೊತ್ತಿರೋದೇ ಅಲ್ವಾ."

ಆಮೇಲೆ ತಲೆಯೆತ್ತಿ, "ಕೂತ್ಕ. ಟೀ ಕುಡ್ಕಂಡ್ ಹೋಗು" ಅಂದ. ನಾನು ಕೂರಲಿಲ್ಲ.

ದಾರಿಯುದ್ದಕ್ಕೂ ಅವನ ಮಾತೇ ತಲೆಯಲ್ಲಿತ್ತು. ನಿಜ ಗೊತ್ತಿದ್ದವನ ಮುಂದೆ ಹೋಗಿ ನಿಜ ಹೇಳಿ ಅತ್ತು ಬಂದಿದ್ದೆ. ಗೊತ್ತಿಲ್ಲದವರು ಬೆಳಿಗ್ಗೆ ಎದ್ದು ಅವನ ಮಾತು ಕೇಳಿ ನಗುತ್ತಿದ್ದರು. ನಾನು ಕೆಡಿಸಿದ್ದು ಅವರ ಕಿವಿಯನ್ನು. ಸರಿ ಮಾಡಬೇಕಾದರೆ ಅಲ್ಲಿಯೇ ಮಾಡಬೇಕಿತ್ತು.

ಮಾರನೆಯ ದಿನ ಎಲ್ಲರೂ ಆನೆ ಸುದ್ದಿಗೆ ಕಾಯುವ ಹೊತ್ತಿಗೇ ಫೋನು ಹಿಡಿದೆ. ಮೊದಲ ಸಲ ಮಾತಾಡಿದಾಗ ಎರಡು ದಿನ ಕೆಲಸ ನಿಂತಿದ್ದರ ಕತೆ ಬಂತು. ಅಳಿಸಿದೆ. ಎರಡನೆಯ ಸಲ ರೈಟರ್ ಬೆದರಿಸಿದ್ದ ಎಂದು ಬಂತು. ನಿಜವೇ, ಆದರೂ ಅಳಿಸಿದೆ. ಮೂರನೆಯ ಸಲ ಅವನನ್ನು ಹೊತ್ತು ಬೆಳೆಸಿದ್ದೇನೆ ಎಂದು ಶುರುವಾಯಿತು. ಅದನ್ನಂತೂ ಕೇಳಿಸಿಕೊಳ್ಳಲೇ ಆಗಲಿಲ್ಲ. ಪ್ರತಿ ಸಲವೂ ಕೇಳುವವರು ನನ್ನನ್ನು ಅಯ್ಯೋ ಪಾಪ ಅನ್ನಲಿ ಎಂದೇ ನಾಲಿಗೆ ತಿರುಗುತ್ತಿತ್ತು. ಕೊನೆಗೆ ಕಳಿಸಿದ್ದು ಇಷ್ಟು:

"ಅವತ್ತು ಬೆಳಿಗ್ಗೆ ನನ್ ತಮ್ಮ ನಂಗೆ ಫೋನ್ ಮಾಡಿದ್ದ. ಹಳ್ಳದ್ ಮೇಲಿನ ಪ್ಲಾಟ್‌ನಲ್ಲಿ ಮೂರು ಆನೆ ಐತೆ, ಜನ ಕರ್ಕಂಬರ್ಬೇಡ ಅಂದಿದ್ದ. ನಾನು ಕೇಳಿಸ್ಕಂಡೆ. ಕೇಳಿಸ್ಕಂಡೂ ಕರ್ಕಂಡ್ ಹೋದೆ. ಅವನು ಹೇಳ್ಲಿಲ್ಲ ಅಂದಿದ್ದು ಸುಳ್ಳು. ಅವನ ಕಾಲಿನ ಬಗ್ಗೆ ಅಂದಿದ್ದು ಬಾಯಿ ತಪ್ಪಿ ಅಲ್ಲ, ಆ ಸುಳ್ಳನ್ನ ನೀವು ನಂಬ್ಲಿ ಅಂತ. ನನ್ ತಮ್ಮನ್ನೂ, ಕೈ ಮುರ್ಕಂಡಿರೋ ಅಕ್ಕನ್ನೂ, ಅವತ್ತು ಜೀಪಲ್ಲಿದ್ದ ಎಲ್ಲಾರ್‌ನೂ ಕ್ಷಮೆ ಕೇಳ್ತೀನಿ. ಅವನು ಆನೆ ಐತೆ ಅಂದ್ರೆ ಐತೆ."

ಈ ಸಲ ಮುಗಿದ ಕೈಗಳು ಬರಲಿಲ್ಲ. ಬಹಳ ಹೊತ್ತಾದ ಮೇಲೆ ಇನ್ನೊಬ್ಬ ವಾಚರ್ ಆಲೂರು ಕಡೆಯ ಒಂಟಿ ಆನೆಯ ಸುದ್ದಿ ಹಾಕಿದ. ಎಂಟು ಗಂಟೆಗೆ ರೈಟರ್ ಫೋನ್ ಮಾಡಿ, "ನಾಳೆಯಿಂದ ನೀವು ಜನ ಕರ್ಕಂಬರೋದು ಬೇಡ ಕಣಮ್ಮ" ಎಂದ. ಅವನು ಹೇಳಿದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಜೀಪಿನಲ್ಲಿದ್ದ ಹೆಂಗಸರಲ್ಲಿ ಇಬ್ಬರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅದೂ ಸರಿಯೇ.

ತಿಂಗಳು ಮುಗಿದ ಮೇಲೂ ನನ್ನ ತಮ್ಮ ಕೆಲಸಕ್ಕೆ ಹೋದ. ನನ್ನಿಂದಾಗಿಯೇ ಹೋದ ಎಂದು ನಾನು ಹೇಳಲಾರೆ. ಕೇಳಿಲ್ಲ.

ಈ ವರ್ಷ ನಾನು ಬೇರೆ ಮೇಸ್ತ್ರಿಯ ಗುಂಪಿನಲ್ಲಿ ಕಾಫಿ ಕುಯ್ಯುತ್ತೇನೆ. ಕೈ ಕೂಡಿಕೊಂಡ ಮೇಲೆ ಪಕ್ಕದ ಮನೆಯವಳೂ ಬರುತ್ತಾಳೆ, ಮೊದಲಿನಷ್ಟು ವೇಗವಿಲ್ಲ. ಹೋದ ತಿಂಗಳು ಜೀಪು ತೋಟದ ಗೇಟಿನ ಹತ್ತಿರ ಬಂದಾಗ ಹೊಸ ಮೇಸ್ತ್ರಿಗೆ ತಮ್ಮನ ಫೋನ್ ಬಂತು. ಮೇಸ್ತ್ರಿ ಮಾತು ಮುಗಿಯುವವರೆಗೂ ಕೇಳಿಸಿಕೊಂಡು ಗಾಡಿ ತಿರುಗಿಸು ಅಂದ. ಅರ್ಧ ದಿನ ರಸ್ತೆ ಬದಿಯಲ್ಲಿ ಕೂತೆವು. ಆನೆ ನಮ್ಮ ಕಣ್ಣಿಗೆ ಬೀಳಲಿಲ್ಲ, ಒಂದು ಕೊಂಬೆ ಮುರಿದ ಸದ್ದೂ ಇಲ್ಲ. ಮಧ್ಯಾಹ್ನ ನನ್ನ ತಮ್ಮ ತೋಟದ ಮೇಲಿನ ದಾರಿಯಿಂದ ನಡೆದುಕೊಂಡು ಬಂದು, ಈಗ ಹೋಗಬಹುದು ಎಂದು ಮೇಸ್ತ್ರಿಗೆ ಹೇಳಿದ. ಇದ್ದವೋ ಇಲ್ಲವೋ ಎಂದು ಯಾರೂ ಅವನನ್ನು ಕೇಳಲಿಲ್ಲ. ಹೆಂಗಸರು ಚೀಲ ಎತ್ತಿಕೊಂಡು ಎದ್ದರು.

ಅವನು ನನ್ನ ಕಡೆ ನೋಡಿ, "ಊಟ ಆಯ್ತೇನಕ್ಕ" ಅಂದ. ಆಯ್ತು ಅಂದೆ. ಹಬ್ಬಕ್ಕೆ ಅವನ ಮನೆಗೆ ಹೋಗುತ್ತೇನೆ, ಅವನೂ ನಮ್ಮ ಮನೆಗೆ ಬರುತ್ತಾನೆ. ಆದರೆ ನಾನು ಗ್ರೂಪಿನಲ್ಲಿ ಅವನ ಕಾಲನ್ನು ಆಡಿಕೊಂಡ ದಿನದಿಂದ ಅವನು ನನಗೆ ಒಂದು ಸಲವೂ ತಾನಾಗಿ ಫೋನ್ ಮಾಡಿಲ್ಲ.